ನಲವತ್ತು ದಿನದ ಅಡಕತ್ತರಿ

ಮಣ್ಣು ಮಾಡಿದ ಮೇಲಿನ ಮೊದಲ ಸಾದಾ ಬೆಳಗು ಸೋಮವಾರ ಬಂತು. ಭಾನುವಾರದವರೆಗೆ ಮನೆ ತುಂಬ ಜನರಿದ್ದರು. ಸೋಮವಾರ ಐದೂವರೆಗೆ ಓಣಿಯಲ್ಲಿ ಯಾರೋ ‘ನಳಾ ಬಂತು’ ಎಂದು ಕೂಗಿದರು. ನವಲಗುಂದದ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಸತ್ತವರ ಮನೆಯೆಂದು ನೀರು ಕಾಯುವುದಿಲ್ಲ. ಎದ್ದೆ.

ಪೈಪಿನ ಕ್ಲಿಪ್ಪು ಸಿಗಲಿಲ್ಲ. ಅದನ್ನು ಎಲಿಯಾ ಸ್ಕೂಟರಿನ ಡಿಕ್ಕಿಯಲ್ಲಿ ಇಡುತ್ತಿದ್ದ. ಎಲಿಯಾ ನನ್ನ ಗಂಡ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ವಯಸ್ಸು ಮೂವತ್ತೇಳು. ಹೋದ ಬುಧವಾರ ಎರಡನೇ ಪಿರಿಯಡ್ಡಿನಲ್ಲಿ ಬೋರ್ಡಿನ ಮುಂದೆ ಕುಸಿದು ಬಿದ್ದ, ಆಸ್ಪತ್ರೆ ಮುಟ್ಟಲಿಲ್ಲ. ಡಿಕ್ಕಿ ತೆರೆದೆ. ಕ್ಲಿಪ್ಪಿನ ಕೆಳಗೆ ಕರ್ಚೀಫಿನಲ್ಲಿ ಸುತ್ತಿದ ಏನೋ ಭಾರವಾದದ್ದು ಕೈಗೆ ತಾಗಿತು. ಬಿಚ್ಚಿದೆ. ಅಡಕತ್ತರಿ.

ಹಳೆಯದು, ಕಬ್ಬಿಣದ್ದು. ಒಂದು ಹಿಡಿಕೆಗೆ ಹಿತ್ತಾಳೆ ತಂತಿ ಸುತ್ತಿದ್ದರು. ಅಲಗಿನ ಸಂದಿಯಲ್ಲಿ ಕೆಂಪು ಪುಡಿ ಇನ್ನೂ ಇತ್ತು.

ನಮ್ಮ ಮನೆಯಲ್ಲಿ ಯಾರೂ ಅಡಿಕೆ ತಿನ್ನುವುದಿಲ್ಲ. ಎಲಿಯಾನ ಅಜ್ಜನ ಕಾಲದಿಂದಲೂ ಇಲ್ಲ. ಮಿಷನ್ ಕಂಪೌಂಡಿನಲ್ಲಿ ಬೆಳೆದ ಮನೆತನ. ಎಲೆ ಅಡಿಕೆ, ಬೀಡಿ, ಇಸ್ಪೀಟು ಮೂರೂ ಒಂದೇ ಸಾಲಿನ ಪಾಪಗಳು.

“ವೈನಿ, ಕೊಡಾ ತುಂಬಿ ಹರಿಯಾಕ ಹತ್ತೇತಿ! ಅಲ್ಲೇನು ಮಾಡಾಕತ್ತೀರಿ?” ಸುಧಾರಾಣಿ ಒಳಗಿನಿಂದ ಕೂಗಿದಳು. ಎಲಿಯಾನ ತಂಗಿ. ಗದಗಿನಿಂದ ಬಂದವಳು ಇನ್ನೆರಡು ದಿನ ಇರುತ್ತೇನೆಂದು ಉಳಿದಿದ್ದಳು.

ಅವಳು ಹೊರಗೆ ಬಂದಾಗ ಕತ್ತರಿ ತೋರಿಸಿದೆ.

“ಇದ್ಯಾರ್ದು?”

“ನೀನ ಹೇಳು. ನಿಮ್ಮಣ್ಣನ ಡಿಕ್ಕಿಯೊಳಗಿತ್ತು.”

“ನಮ್ಮಣ್ಣ? ಅಡಕಿ? ಹುಚ್ಚಿದ್ದೀರೇನು ವೈನಿ. ನಮ್ಮಪ್ಪ ಇದ್ದಿದ್ರ ಇದ ಕತ್ತರೀಲೆ ಅವನ ಮೂಗು ಕೊಯ್ತಿದ್ದ.” ನಕ್ಕುಬಿಟ್ಟಳು. ನಕ್ಕೆನಲ್ಲ ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ನನಗೆ ನಗು ಬರಲಿಲ್ಲ. ಶನಿವಾರಗಳು ನೆನಪಾದವು.

ಎಲಿಯಾ ವರ್ಷಕ್ಕೊಮ್ಮೆ ಅಳ್ನಾವರದ ಆಚೆ ಕಾಡಿನಂಚಿನ ಧ್ಯಾನಕೇಂದ್ರಕ್ಕೆ ಹೋಗುತ್ತಿದ್ದ. ಮೂರು ದಿನದ ಧ್ಯಾನಕೂಟ. ಫೋನು ಕೊಟ್ಟುಬಿಡಬೇಕು, ಮಾತಾಡಬಾರದು, ಹಾಸಿಗೆ ಮನೆಯಿಂದ ಒಯ್ಯಬೇಕು. ಬರುವಾಗ ಹೊಸ ಮನುಷ್ಯನಾಗಿ ಬರುತ್ತಿದ್ದ. ಬೆಳಿಗ್ಗೆ ಐದಕ್ಕೆ ಎದ್ದು ಕೀರ್ತನೆ, ಮನೆಯವರೆಲ್ಲ ಕೂತು ಪ್ರಾರ್ಥನೆ, ಊಟಕ್ಕೆ ಮೊದಲು ಇನ್ನೊಂದು ಪ್ರಾರ್ಥನೆ. ಮನೆಯವರೆಲ್ಲ ಅಂದರೆ ನಾನೊಬ್ಬಳು. ಈ ಹುರುಪು ಎಷ್ಟು ದಿನ ಉಳಿಯುತ್ತದೆ ಎಂದು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆ. ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿದವಳು ನಾನು. ನಂಬುವ ಮೊದಲು ಎಣಿಸಬೇಕೆಂದು ಕಲಿಸಿದ್ದರು. ಮೊದಲ ವರ್ಷ ಒಂಬತ್ತು ದಿನ. ಮರುವರ್ಷ ಆರು. ಅದರ ಮರುವರ್ಷ ಹನ್ನೊಂದು. ಹನ್ನೊಂದನೆಯ ದಿನ ಗ್ಯಾಸ್ ಸಿಲಿಂಡರಿನ ವಾಷರಿಗೆ ಬೈದ, ಆಮೇಲೆ ನನಗೆ, ಆಮೇಲೆ ಇಡೀ ನವಲಗುಂದಕ್ಕೆ. ನಾನು ಪೆನ್ಸಿಲ್ ಹುಡುಕುವುದನ್ನು ನೋಡಿ ಸುಮ್ಮನಾದ.

“ಬರಕೋ, ಬರಕೋ. ಸ್ವರ್ಗದಾಗ ನಿನ್ನ ಕ್ಲರ್ಕ್ ಮಾಡತಾರ,” ಎಂದ.

ಈ ವರ್ಷ ಹೋದದ್ದು ಆಗಸ್ಟ್ ಹದಿನೈದರ ರಜೆಗೆ. ಮಳೆಗೆ ಚಾದರ ಒಣಗಿರಲಿಲ್ಲವೆಂದು ಕಪಾಟಿನ ಮೇಲಿದ್ದ ದೊಡ್ಡ ಜಮಖಾನ ಸುತ್ತಿಕೊಂಡು ಹೋದ. ಭಾನುವಾರ ಬಂದವನು ಬೇರೆಯಾಗಿದ್ದ. ಕೀರ್ತನೆಯಿಲ್ಲ, ಉಪದೇಶವಿಲ್ಲ. ಮರುದಿನದಿಂದ ಭಾಂಡೆ ತಾನೇ ತಿಕ್ಕತೊಡಗಿದ. ಯಾಕೆಂದು ಕೇಳಿದರೆ “ಇರಲಿ ಬಿಡು” ಎನ್ನುತ್ತಿದ್ದ. ನಾನು ಏನಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ. ಶನಿವಾರ ಮಾತ್ರ ಅರ್ಧ ದಿನದ ಶಾಲೆ ಮುಗಿಸಿ ಎಲ್ಲಿಗೋ ಹೋಗುತ್ತಿದ್ದ. ಎಂಟರ ಸುಮಾರಿಗೆ ಬರುತ್ತಿದ್ದ. ಬಾಯಿಂದ ಲವಂಗ, ಅಡಿಕೆಯ ವಾಸನೆ.

“ಎಲ್ಲಿಗೆ ಹೋಗಿದ್ದಿ?”

“ಸ್ವಲ್ಪ ಕೆಲಸ ಇತ್ತು.”

ಹನ್ನೊಂದು ದಿನ ದಾಟಿತು. ಇಪ್ಪತ್ತು ದಾಟಿತು. ಮೂವತ್ತರ ನಂತರ ಬರೆಯುವುದು ಬಿಟ್ಟೆ. ಇಷ್ಟು ದಿನ ಬಾಳುವ ಒಳ್ಳೆಯತನ ಧ್ಯಾನದಿಂದ ಬಂದದ್ದಲ್ಲ, ಏನೋ ತಪ್ಪು ಮಾಡಿದ್ದರಿಂದ ಬಂದದ್ದು ಎಂದು ತೀರ್ಮಾನಿಸಿದೆ.

ಸಾಯುವ ಹಿಂದಿನ ದಿನ, ಮಂಗಳವಾರ ಸಂಜೆ, ಹಿತ್ತಲಲ್ಲಿ ತಟ್ಟೆ ತಿಕ್ಕುತ್ತ ಕೇಳಿದ್ದ: “ಈ ಶನಿವಾರ ನನ್ನ ಜೋಡಿ ಬರತೀಯೇನು?”

“ಎಲ್ಲಿಗೆ?”

“ಬಂದ್ರ ಗೊತ್ತಾಗತೈತಿ.”

“ನಿನ್ನ ಪ್ರಾರ್ಥನಾಕೂಟ ನನಗ ಬ್ಯಾಡ.”

ತಿಕ್ಕುವುದು ನಿಲ್ಲಿಸಿದ. ನನ್ನ ಕಡೆ ತಿರುಗಿದ. ಆಮೇಲೆ ಅದೇ ತಟ್ಟೆಯನ್ನು ಮತ್ತೊಮ್ಮೆ ತಿಕ್ಕಿದ. ನಾವಿಬ್ಬರೂ ಆಡಿದ ಕೊನೆಯ ದೊಡ್ಡ ಮಾತು ಅದೇ.

ನನಗೀಗ ಗೊತ್ತಾಗಬೇಕಿದ್ದದ್ದು ಇಷ್ಟೇ: ಆ ಮೂವತ್ತೆಂಟು ದಿನ ನಿಜವೋ ಸುಳ್ಳೋ. ಸುಳ್ಳೆಂದಾದರೆ ಅವನನ್ನು ಬೈದುಕೊಂಡು ಬದುಕಬಹುದಿತ್ತು. ನಿಜವೆಂದಾದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

ನೀರು ತುಂಬಿಸಿ ಒಳಗೆ ಬಂದಾಗ ಎಲಿಯಾನ ಫೋನು ಮಿಣುಕುತ್ತಿತ್ತು. ಸುಧಾರಾಣಿ ಓದಿದಳು. ಕಳಿಸಿದವರ ಹೆಸರು ‘ಸುಮಂಗಲಾ ಅಳ್ನಾವರ’. ‘ನಲವತ್ತು ದಿನ ಶುಕ್ರವಾರಕ್ಕೇ ಮುಗಿದವು. ಒಯ್ದ ವಸ್ತು ಮರಳಿ ಮುಟ್ಟಿಸಿದಿರಾ? ಸುದ್ದಿಯೇ ಇಲ್ಲ.’

“ಯಾರ್ರಿ ಈ ಸುಮಂಗಲಾ?”

“ನಂಗೇನು ಗೊತ್ತು.”

ಕಪಾಟಿನಿಂದ ಅವನ ಧ್ಯಾನಕೂಟದ ನೋಟ್‌ಬುಕ್ ತೆಗೆದು ಜಾಡಿಸಿದೆ. ಒಂದು ರೈಲಿನ ಟಿಕೇಟು ಬಿತ್ತು. ಅಳ್ನಾವರದಿಂದ ಗುಡಗೇರಿಗೆ. ಆಗಸ್ಟ್ ಹದಿನಾರು. ಅಂದರೆ ಧ್ಯಾನಕೂಟದ ಎರಡನೆಯ ದಿನ, ಎಲ್ಲರೂ ಮೌನವಾಗಿ ಕೂತಿರಬೇಕಾದ ಹೊತ್ತಿನಲ್ಲಿ, ಇವನು ರೈಲಿನಲ್ಲಿದ್ದ.

“ಗುಡಗೇರಿಯೊಳಗ ಯಾರದಾರ ನಿಮಗ?”

“ಯಾರೂ ಇಲ್ಲ.” ಸುಧಾರಾಣಿ ಟಿಕೇಟನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. “ವೈನಿ, ಬಿಟ್ಟುಬಿಡ್ರಿ. ಸತ್ತ ಮನುಷ್ಯಾನ ಕಿಸೆ ತಡವಬಾರದು.”

“ಕಿಸೆ ಅಲ್ಲ. ಡಿಕ್ಕಿ.”

“ನಿಮಗ ಮೊದಲಿಂದ ಸಂಶೇ ಜಾಸ್ತಿ. ಫಕೀರವ್ವನ ಸುದ್ದಿಯೊಳಗೂ ಹಂಗ ಮಾಡಿದ್ರಿ.” ಅಂದವಳು ಒಲೆಯ ಕಡೆ ತಿರುಗಿಕೊಂಡಳು.

ಎರಡು ವರ್ಷದ ಹಿಂದೆ, ಕ್ರಿಸ್ಮಸ್ಸಿನ ಮರುದಿನ, ನನ್ನ ಅವ್ವನ ಝುಮಕಿಗಳಲ್ಲಿ ಒಂದು ಕಾಣೆಯಾಗಿತ್ತು. ಅವ್ವ ತೀರಿಕೊಂಡ ಮೇಲೆ ನನಗೆ ಉಳಿದಿದ್ದ ಅವಳ ವಸ್ತು ಅದೊಂದೇ. ನಮ್ಮಲ್ಲಿ ಭಾಂಡೆ ತಿಕ್ಕುತ್ತಿದ್ದವಳು, ನನ್ನನ್ನು ‘ಬಾಯಾರು’ ಎನ್ನುತ್ತಿದ್ದವಳು ಫಕೀರವ್ವ. ಸುಧಾರಾಣಿಯ ಎದುರಿಗೇ ಅವಳ ಸೆರಗಿನ ಗಂಟು ಬಿಚ್ಚಿಸಿ ನೋಡಿದೆ. ಝುಮಕಿ ಸಿಗಲಿಲ್ಲ. ಆದರೂ ಕೆಲಸ ಬಿಡಿಸಿದೆ. ಓಣಿಯಲ್ಲಿ ಎರಡು ಮನೆಗಳಲ್ಲಿ ಹೇಳಿದೆ. ಎರಡೇ ಸಾಕಾಯಿತು, ಉಳಿದವರೂ ಅವಳನ್ನು ಬಿಡಿಸಿದರು. ತಿಂಗಳೊಳಗೆ ಮಗಳ ಊರಿಗೆ ಹೋದಳೆಂದು ಕೇಳಿದೆ. ಯಾವ ಊರೆಂದು ವಿಚಾರಿಸಲಿಲ್ಲ. ಅದು ಅವಳದೇ ಕೆಲಸ ಎಂದು ನನಗೆ ಆ ಸೋಮವಾರವೂ ಖಾತ್ರಿಯಿತ್ತು.

ಬುಧವಾರ ಸುಧಾರಾಣಿಯನ್ನು ಗದಗಿನ ಬಸ್ಸಿಗೆ ಹತ್ತಿಸಿ, ಕತ್ತರಿಯನ್ನು ಚೀಲದಲ್ಲಿ ಹಾಕಿಕೊಂಡು, ನಾನು ಹುಬ್ಬಳ್ಳಿ, ಧಾರವಾಡ ದಾಟಿ ಅಳ್ನಾವರಕ್ಕೆ ಹೋದೆ. ದಾರಿಯುದ್ದಕ್ಕೂ ಸುಮಂಗಲಾ ಎಂಬವಳನ್ನು ಮನಸ್ಸಿನಲ್ಲಿ ತಯಾರು ಮಾಡಿಕೊಂಡೆ. ಮೂವತ್ತರ ಒಳಗಿನವಳು. ಚೆನ್ನಾಗಿ ಹಾಡುವವಳು.

ಹೆಂಚಿನ ಉದ್ದ ಕಟ್ಟಡ, ಸುತ್ತ ಸಾಗವಾನಿ ಮರ. ಜಗುಲಿಯ ಮೇಲೆ ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು ಕಾಲು ಚಾಚಿ ಕೂತು ಸೊಳ್ಳೆಪರದೆಯ ತೂತು ಹೊಲಿಯುತ್ತಿದ್ದರು. ನಿವೃತ್ತ ನರ್ಸು, ಈಗ ಧ್ಯಾನಕೇಂದ್ರ ನೋಡಿಕೊಳ್ಳುವವರು. ಅವರೇ ಸುಮಂಗಲಾ.

ನಾನು ಯಾರೆಂದು ಹೇಳಿದೆ. ಎಲಿಯಾ ಇಲ್ಲವೆಂದೂ ಹೇಳಿದೆ. ಅವರು ಸೂಜಿಯನ್ನು ಪರದೆಗೆ ಚುಚ್ಚಿಟ್ಟರು. ಬೈಬಲ್ ವಚನ ಹೇಳಲಿಲ್ಲ. ಅಷ್ಟರ ಮಟ್ಟಿಗೆ ಅವರನ್ನು ನಂಬಿದೆ.

“ಕೂಡ್ರಿ ತಂಗಿ. ನೀರು ಕುಡೀರಿ.”

ನೀರು ಕುಡಿಯದೆ ಕತ್ತರಿ ತೆಗೆದು ಅವರ ಮುಂದಿಟ್ಟೆ. ಪಕ್ಕದಲ್ಲಿ ಟಿಕೇಟು.

“ಇದು ನಿಮ್ದೇನು?”

“ನಂದಲ್ಲ.”

“ಎರಡನೇ ದಿನ ಅವರು ಇಲ್ಲಿ ಇದ್ದಿಲ್ಲ.”

“ಇದ್ದಿಲ್ಲ. ನಾನ ಕಳಿಸಿದ್ದು.” ಕತ್ತರಿಯನ್ನು ಎತ್ತಿ ನೋಡಿದರು. “ಇದನ್ನ ತಂದಿದ್ರೇನು! ನಮಗ ತೋರಿಸಿರಲಿಲ್ಲ.”

“ಏನು ನಡದಿತ್ತು ಹೇಳ್ರಿ. ಸುತ್ತುಬಳಸಿ ಹೇಳಬ್ಯಾಡ್ರಿ.”

ಅವರಿಗೆ ಬೇಸರವಾದಂತೆ ಕಾಣಲಿಲ್ಲ. “ನಿಮ್ಮ ಊರಾಗ ಎರಡು ಮನಿ ಜಗಳಾದ್ರ ಮೊದಲು ಏನು ನಿಲ್ಲತೈತಿ?”

“ಮಾತು.”

“ಮಾತು ಆಮ್ಯಾಲ. ಮೊದಲು ನಿಲ್ಲೋದು ಕಡಾ ಕೇಳೋದು. ಮೊಸರಿಗೆ ಹೆಪ್ಪು ಕೇಳಂಗಿಲ್ಲ, ಜರಡಿ ಕೇಳಂಗಿಲ್ಲ, ಏಣಿ ಕೇಳಂಗಿಲ್ಲ. ಮತ್ತ ಒಂದಾಗೋದೂ ಹಂಗ. ಯಾರೂ ‘ತಪ್ಪಾತು’ ಅನ್ನಂಗಿಲ್ಲ. ಒಂದಿನ ಒಬ್ಬಾಕಿ ವಾಟಗಾ ಹಿಡಕೊಂಡು ಹೋಗಿ ‘ಚೂರು ಹೆಪ್ಪು ಕೊಡವಾ’ ಅಂತಾಳ. ಆತು, ಮುಗೀತು.” ಪರದೆಯನ್ನು ಮಡಚಿದರು. “ನಮ್ಮ ಚರ್ಚಿನವರಿಗೆ ಕ್ಷಮಾ ಕೇಳೋದು ಬಾಳ ಸರಳ ಆಗೇತಿ ತಂಗಿ. ಕೈ ಮುಗೀತಾರ, ಕಣ್ಣೀರು ಹಾಕತಾರ, ಹಗುರಾಗಿ ಮನಿಗೆ ಹೋಗತಾರ. ಎಂಟು ದಿನಕ್ಕ ಎಲ್ಲಾ ಆರಿಹೋಗತೈತಿ.”

“ಆರು ದಿನಕ್ಕ ಆರಿದ್ದೂ ಐತಿ,” ಎಂದೆ.

“ಹೌದಲ್ಲ? ಅದಕ್ಕ ಈ ವರ್ಷ ನಾ ಅಂದೆ: ಇಲ್ಲಿ ಕೂತು ಅಳಬ್ಯಾಡ್ರಿ. ಯಾರಿಗೆ ಅನ್ಯಾಯ ಮಾಡೀರಿ, ಅವರ ಮನಿಗೆ ಹೋಗ್ರಿ. ದಿನಾ ಬಳಸೋ ವಸ್ತು ಒಂದು ಕಡಾ ತರ್ರಿ. ನಲವತ್ತು ದಿನ ಇಟಗೊಂಡು ತಿರುಗಿ ಕೊಡ್ರಿ. ಹದಿನಾರು ಮಂದಿಯೊಳಗ ಹದಿನೈದು ಮಂದಿ ಮುಂದ ನೋಡೂಣು ಅಂದ್ರು. ನಿಮ್ಮ ಯಜಮಾನ್ರು ಮರುದಿನ ಮುಂಜಾನೇನ ರೈಲು ಹತ್ತಿದ್ರು.”

“ಯಾರ ಮನಿಗೆ?”

“ನಾ ಕೇಳಿಲ್ಲ. ಕೇಳೋದು ನಮ್ಮ ಪದ್ಧತಿ ಅಲ್ಲ. ಬರದು ಲಕೋಟಿಯೊಳಗ ಹಾಕಿ ಕೊಡತಾರ, ನಲವತ್ತು ದಿನ ಆದ ಮ್ಯಾಲ ತಿರುಗಿ ಒಯ್ತಾರ.” ಒಳಗೆ ಹೋಗಿ ಒಂದು ಲಕೋಟೆ ತಂದರು. “ಇದು ಅವರಿಗೆ ಕೊಡಬೇಕಾದ್ದು. ನಿಮಗ ಬ್ಯಾಡಾಗಿದ್ರ ಹರದು ಒಲಿಗೆ ಹಾಕತೇನಿ.”

ಕೈ ಚಾಚಿದೆ.

ಎಲಿಯಾನ ಅಕ್ಷರ, ಗಣಿತದ ಮೇಷ್ಟ್ರ ಅಕ್ಷರ. ‘ರಾತ್ರಿ ಜಮಖಾನ ಬಿಚ್ಚಿದಾಗ ಅಂಚಿನ ಕುಚ್ಚಿನಲ್ಲಿ ಝುಮಕಿ ಸಿಕ್ಕಿತು. ಆ ಕ್ರಿಸ್ಮಸ್ಸಿಗೆ ಹಾಸಿದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ಫಕೀರವ್ವ ಈಗ ಗುಡಗೇರಿಯಲ್ಲಿದ್ದಾಳಂತೆ. ಅವಳಿಗೆ ಹೇಳುವುದು ಕಷ್ಟವಲ್ಲ. ಇವಳಿಗೆ ಹೇಳುವುದು ಕಷ್ಟ.’

ಇವಳು ಅಂದರೆ ನಾನು.

ಎರಡು ಸಲ ಓದಿದೆ. ಫಕೀರವ್ವನ ಗಂಟು ಬಿಚ್ಚಿಸಿದ ಮಧ್ಯಾಹ್ನ ಕಣ್ಣಿಗೆ ಬಂತು. ಗಂಟಿನಿಂದ ನೆಲಕ್ಕೆ ಬಿದ್ದದ್ದು ನಾಲ್ಕು ಅಡಿಕೆ ಹೋಳು. ಅವಳು ಬಗ್ಗಿ ಒಂದೊಂದಾಗಿ ಆರಿಸಿಕೊಂಡಿದ್ದಳು.

ಬರುವಾಗ ಬಸ್ಸಿನಲ್ಲಿ ನನ್ನ ಬುದ್ಧಿ ಮತ್ತೆ ತನ್ನ ದಾರಿ ಹಿಡಿಯಿತು. ಒಂದು ದಿನ ಹೋಗಿರಬಹುದು. ಉಳಿದ ಶನಿವಾರ ಎಲ್ಲಿದ್ದ? ಕತ್ತರಿ ತಂದು ಡಿಕ್ಕಿಯಲ್ಲಿ ಹಾಕಿ ಮರೆತಿರಬಹುದು. ಝುಮಕಿ ಎಲ್ಲಿ? ಮನೆಯಲ್ಲಿ ಎಲ್ಲೂ ಇರಲಿಲ್ಲ. ಗುರುವಾರ, ಶುಕ್ರವಾರ ಇದನ್ನೇ ತಿರುವಿ ಹಾಕಿದೆ. ಶನಿವಾರ ಅವನು ಹೊರಡುತ್ತಿದ್ದ ಹೊತ್ತಿಗೇ ಹೊರಟೆ. ನಂಬಿ ಹೋದೆನೆಂದು ಹೇಳಲಾರೆ. ಪರೀಕ್ಷೆ ಮಾಡಲು ಹೋದೆ.

ಗುಡಗೇರಿ ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಕೇಳಿದೆ.

“ಯಾವ ಫಕೀರವ್ವ್ರಿ? ನಮ್ಮೂರಾಗ ನಾಕು ಮಂದಿ ಅದಾರ.”

“ವಯಸ್ಸಾದಾಕಿ. ಅಡಕಿ ತಿಂತಾಳ.”

“ಅಡಕಿ ನಾಕೂ ಮಂದಿ ತಿಂತಾರ.” ಅಂಗಡಿಯವ ನಕ್ಕ. “ಶನಿವಾರಕ್ಕೊಮ್ಮೆ ಮಾಸ್ತರ ಒಬ್ರು ಬರತಾರಲ್ಲ, ಆ ಮುದುಕೀನ? ಗುಡದಪ್ಪನ ಅತ್ತಿ. ಹಿಟ್ಟಿನ ಗಿರಣಿ ಬಾಜು.”

“ಶನಿವಾರ ತಪ್ಪದ ಬರತಿದ್ರೇನು?”

“ಒಂದೂ ಬಿಟ್ಟಿಲ್ರಿ. ಅವರು ಇಲ್ಲಿ ಹಾದು ಹ್ವಾದ್ರಂದ್ರ ಮೂರೂವರಿ. ನಾ ಗಡಿಯಾರ ನೋಡಂಗಿಲ್ಲ. ಹ್ವಾದ ವಾರ ಯಾಕೋ ಬರಲಿಲ್ಲ.”

ಫಕೀರವ್ವ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊದಲಿಗಿಂತ ಸಣ್ಣಗಾಗಿದ್ದಳು. ಬೆರಳುಗಳು ಗೆಣ್ಣಿನಲ್ಲಿ ಸೊಟ್ಟಗಾಗಿದ್ದವು. ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ನನ್ನ ಹಿಂದೆ ನೋಡಿದಳು.

“ಬಾಯಾರು! ಅಂತೂ ಕರಕೊಂಡು ಬಂದಾ. ಎಲ್ಲಿ ಮಾಸ್ತರ? ಹಿಂದ ಅಡಗಿ ನಿಂತಾನೇನು?”

“ಅವರು ಬಂದಿಲ್ಲ.”

“ಹ್ವಾದ ಶನಿವಾರಾನೂ ಬರಲಿಲ್ಲ. ನನಗ ಗೊತ್ತಿತ್ತು ಬಿಡ್ರಿ. ದೇವರ ಹುರುಪು, ಎಷ್ಟು ದಿನ ಇರತೈತಿ? ಇಳೀತು ಅಂದಕೊಂಡೆ.”

ಅದು ನನ್ನದೇ ಮಾತು. ಇನ್ನೊಬ್ಬರ ಬಾಯಿಂದ ಕೇಳಿದ್ದು ಮೊದಲ ಸಲ.

“ಇಳಿಲಿಲ್ಲ ಫಕೀರವ್ವ. ಅದಕ್ಕೂ ಮೊದಲ ಬುಧವಾರ ತೀರಿಕೊಂಡ್ರು.”

ಅವಳ ಕೈ ಮೊರದ ಮೇಲೆ ನಿಂತಿತು. ಪಕ್ಕದ ಗಿರಣಿಯ ಸದ್ದು ಗೋಡೆ ದಾಟಿ ಬರುತ್ತಿತ್ತು. ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಮೊರವನ್ನು ಬದಿಗಿಟ್ಟು, ಕೂರಲು ಜಾಗ ಮಾಡಿದಳು.

“ಅಂವ ಕತ್ತರಿಸಿ ಕೊಟ್ಟಿದ್ದ ಅಡಕಿ ಹ್ವಾದ ವಾರದ ಶುಕ್ರವಾರಕ್ಕ ಮುಗೀತು,” ಎಂದಳು. “ಆಮ್ಯಾಲ ಇಡೀ ಅಡಕಿ ಚೀಪೋದು. ಹಲ್ಲೆಲ್ಲಿ ಅದಾವ.”

“ಅವರು ಕತ್ತರಿಸಿ ಕೊಡತಿದ್ರಾ?”

“ಮತ್ತ? ಮೊದಲ ದಿನ ಬಂದು ಏನರ ಕಡಾ ಕೊಡು ಅಂದ. ಕಳ್ಳಿ ಮನ್ಯಾಗ ಏನೈತಿ ಕಡಾ ಕೊಡಾಕ ಅಂದೆ. ಬಾಗಿಲದಾಗ ನಿಂತ, ಹ್ವಾಗಲಿಲ್ಲ. ಸಿಟ್ಟು ಬಂತು. ಇದನ್ನ ಒಯ್ಯಿ ಅಂತ ಕತ್ತರಿ ಒಗದೆ. ನೀ ತಿನ್ನಂಗಿಲ್ಲ, ಏನ್ಮಾಡತಿ ನೋಡೂಣು ಅಂದೆ. ಎತಿಗೊಂಡ. ಆಮ್ಯಾಲ ನನ್ನ ಕೈ ನೋಡಿ, ಇದು ಇಲ್ಲಂದ್ರ ನೀ ಹೆಂಗ ತಿಂತಿ ಅಂದ. ಅದು ನಿನ್ನ ಚಿಂತಿ ಅಂದೆ. ಹಂಗಂದ್ರ ವಾರಕ್ಕೊಮ್ಮೆ ಬಂದು ನಾನ ಕತ್ತರಿಸಿ ಕೊಡತೇನಿ ಅಂದ. ಬಂದ. ಇಲ್ಲೇ ಕೂತು ಏಳು ದಿನದ್ದು ಕತ್ತರಿಸಿ ಡಬ್ಬಿಗೆ ತುಂಬಿ, ಕತ್ತರಿ ತಿರುಗಿ ಒಯ್ತಿದ್ದ. ಲವಂಗ ಸೇರಿಸಿ ಒಂದೆರಡು ಹೋಳು ನಾನ ಅವನ ಬಾಯಿಗೆ ಹಾಕತಿದ್ದೆ. ಮುಖ ಕಿವಿಚಿಗೊಂಡು ನುಂಗತಿದ್ದ.”

ಲವಂಗದ ವಾಸನೆ. ಐದು ಶನಿವಾರ.

“‘ಸಂಶೇ ಮಾಡಿದ್ದು ನಾನು, ಆಕಿ ಅಲ್ಲ’ ಅಂತ ಹೇಳಿದ ಮಾಸ್ತರ,” ಎಂದಳು ಫಕೀರವ್ವ.

“ಅಲ್ಲ. ನಾನು.”

“ಗಂಟು ಬಿಚ್ಚಿಸಿದಾಕಿ ನೀವು. ನನಗ ಕಣ್ಣಿಲ್ಲೇನು?” ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. “ಸುಳ್ಳು ಹೇಳಾಕ ಬರತಿದ್ದಿಲ್ಲ ಅವಗ. ಕಿವಿ ಕೆಂಪಾಗತಿದ್ವು.”

ನಿಜ. ಆಗುತ್ತಿದ್ದವು.

“ಸಿಕ್ಕ ಝುಮಕಿ ತಂದಿದ್ದ. ತೋರಿಸಿದ. ನಾನ ಇಟಗೊಂಡೆ. ಹೆಂಗೂ ಹೆಸರು ಬಂದೈತಿ, ವಸ್ತೂನೂ ಇರಲಿ ಅಂದೆ. ಬಾಯಾರು ತಾವ ಬಂದು ಕೇಳಲಿ, ಕೊಡತೇನಿ ಅಂದೆ.” ಅವಳ ಸೊಟ್ಟ ಬೆರಳುಗಳು ಸೆರಗಿನ ತುದಿಯ ಗಂಟಿಗೆ ಹೋದವು. “ಈಗ ಬಂದೀರಿ. ಆವತ್ತು ನೀವು ಬಿಚ್ಚಿಸಿದ್ರಿ. ಇವತ್ತು ನಾನ ಬಿಚ್ಚತೇನಿ.”

ಗಂಟು ಬಿಗಿಯಾಗಿತ್ತು. ಬೆರಳು ಜಾರುತ್ತಿದ್ದವು. ಒಳಗೆ ಝುಮಕಿ ಇದೆಯೋ, ಬರೀ ಅಡಿಕೆ ಇದೆಯೋ, ಮಾರಿ ತಿಂದು ಈಗ ನಾಟಕವೋ. ಈ ಮೂರೂ ನನ್ನ ತಲೆಯಲ್ಲಿ ಒಂದೇ ಕ್ಷಣದಲ್ಲಿ ಬಂದವು. ಬಂದವು ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ನನ್ನ ಕೈ ಅವಳ ಕೈಯ ಮೇಲೆ ಹೋಯಿತು.

“ಬಿಚ್ಚಬ್ಯಾಡ.”

“ಯಾಕ? ನಿಮ್ಮವ್ವಂದು ಅಲ್ಲೇನು?”

“ಹೌದು. ಇರಲಿ. ಬಿಚ್ಚಬ್ಯಾಡ.”

ನನ್ನ ಕೈಯನ್ನು ಅವಳು ನೋಡಿದಳು. ಗಂಟನ್ನು ಬಿಟ್ಟಳು. ಎದ್ದು ಒಳಗೆ ಹೋಗಿ ಒಂದು ಹಿಡಿ ಅಡಿಕೆ ತಂದು ನನ್ನ ಮುಂದೆ ಸುರಿದಳು.

ಚೀಲದಿಂದ ಕತ್ತರಿ ತೆಗೆದೆ. ಮೊದಲ ಅಡಿಕೆ ಅಲಗಿನಿಂದ ಸಿಡಿದು ಅಂಗಳಕ್ಕೆ ಹಾರಿತು. ಎರಡನೆಯದು ನನ್ನ ಹೆಬ್ಬೆರಳು ಚಿವುಟಿತು.

“ಬಾಯಾರ, ಅಡಕಿ ಅದು, ಕಳ್ಳ ಅಲ್ಲ. ಮೆತ್ತಗ ಹಿಡೀರಿ. ಮಾಸ್ತರಂದೂ ಮೊದಲ ದಿನ ಹಿಂಗ ಆಗಿತ್ತು.”

ಮೆತ್ತಗೆ ಹಿಡಿದೆ. ಬೆಳಕು ಗಿರಣಿಯ ಗೋಡೆ ದಾಟುವವರೆಗೆ ಕತ್ತರಿಸಿದೆ. ಹೋಳುಗಳು ಸಮನಾಗಿ ಬರಲಿಲ್ಲ. ಡಬ್ಬಿ ತುಂಬಿತು. ಅಲಗನ್ನು ನನ್ನ ಸೆರಗಿನಿಂದ ಒರೆಸಿದೆ.

“ಇದನ್ನ ಕೊಟ್ಟ ಮ್ಯಾಲ ನೀವು ಮುಂದಿನ ಶನಿವಾರ ಬರೂದು ಜರೂರಿಲ್ಲ,” ಎಂದಳು ಫಕೀರವ್ವ. “ಗೊತ್ತೈತಿಲ್ಲ?”

“ಗೊತ್ತೈತಿ.”

ಅಡಕತ್ತರಿಯನ್ನು ಅವಳ ಕೈಗೆ ಕೊಟ್ಟೆ.